ಉಕ್ಕಿನ ಮೇಲಿನ ಬಳ್ಳಿ: ಕೆತ್ತನೆಯ ಹಳೆಯ ರಿವಾಲ್ವರುಗಳಲ್ಲಿ ಯಾವುದನ್ನು ಆರಿಸಬೇಕು?

ಕಾರ್ಖಾನೆಯಲ್ಲೇ ಕೆತ್ತನೆಗೊಂಡ ಹಳೆಯ ಅಮೆರಿಕನ್ ರಿವಾಲ್ವರುಗಳ ಸಂಗ್ರಹಕ್ಕೆ ಕೈಹಾಕಿದವರನ್ನು ಮೊದಲು ಕಾಡುವುದು ಕೋಲ್ಟ್ ಕೊಳ್ಳಬೇಕೋ, ಸ್ಮಿತ್ ಅಂಡ್ ವೆಸನ್ ಕೊಳ್ಳಬೇಕೋ ಎಂಬ ಗೊಂದಲ. ಗುಸ್ಟಾವ್ ಯಂಗ್ ಎಂಬ ಒಬ್ಬ ಕೆತ್ತನೆಗಾರನ ಬದುಕನ್ನು ನೋಡಿದರೆ ಈ ಗೊಂದಲದ ಅರ್ಧ ಭಾಗ ಕರಗುತ್ತದೆ. 1827ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿ, ತಾರುಣ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದ ಈತ 1850ರ ದಶಕದಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟ್ ಕಂಪನಿಯ ಕೆತ್ತನೆಯ ಹೊಣೆ ಹೊತ್ತಿದ್ದ. 1869ರ ಹೊತ್ತಿಗೆ ಅಲ್ಲಿಂದ ಸುಮಾರು 40 ಕಿಲೋಮೀಟರ್ ಉತ್ತರಕ್ಕಿರುವ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಸ್ಮಿತ್ ಅಂಡ್ ವೆಸನ್‌ಗೆ ಕೆತ್ತತೊಡಗಿದ. ಮಕ್ಕಳಾದ ಆಸ್ಕರ್ ಮತ್ತು ಯೂಜೀನ್ ಕೂಡ ಅದೇ ಕಂಪನಿಯ ಕೆಲಸಕ್ಕೆ ಇಳಿದರು. ನಳಿಗೆಯ ಮೇಲಿನ ಹೆಸರು ಬದಲಾಯಿತು, ಉಳಿ ಹಿಡಿದ ಕೈ ಅದೇ ಆಗಿತ್ತು.

ಆದ್ದರಿಂದ ನಾನು ಇಲ್ಲಿ ಹೋಲಿಸುವುದು ಕಂಪನಿಗಳಿಗಿಂತ ಹೆಚ್ಚಾಗಿ ಕೆತ್ತನೆಗಾರರನ್ನು, ಅವರ ಕಾಲವನ್ನು, ಅವರ ಗೆರೆ ಇಂದು ಎಷ್ಟು ಉಳಿದಿದೆ ಎಂಬುದನ್ನು. ಇವುಗಳಲ್ಲಿ ಗುಂಡು ಹಾರಿಸುವ ವಿಚಾರ ಈ ಬರಹದಲ್ಲಿ ಇಲ್ಲ. ಶತಮಾನ ದಾಟಿದ ಕೆತ್ತನೆಯನ್ನು ಹೊಗೆಗೂ ಬೆವರಿಗೂ ಒಡ್ಡಿ ಸವೆಸುವವರ ಜೊತೆ ವಾದಕ್ಕೆ ಇಳಿಯುವ ಮನಸ್ಸೂ ನನಗಿಲ್ಲ.

ಕೈಯಿಂದ ಆಗದ ಕೆತ್ತನೆ

1851ರ ನೇವಿ ಮಾದರಿಯ ಕೋಲ್ಟ್‌ನ ಸಿಲಿಂಡರನ್ನು ತಿರುಗಿಸಿದರೆ ಅದರ ಸುತ್ತ ಹಾಯಿಹಡಗುಗಳ ಕಾಳಗ ಕಾಣುತ್ತದೆ. 1843ರ ಮೇ 16ರಂದು ಟೆಕ್ಸಸ್‌ನ ನೌಕಾಪಡೆ ಕ್ಯಾಂಪೀಚೆ ಬಳಿ ಮೆಕ್ಸಿಕೋದ ಹಡಗುಗಳನ್ನು ಎದುರಿಸಿದ ಕದನ ಅದು. ಹೊಸಬರು ಇದನ್ನೇ ಕೈಕೆತ್ತನೆ ಎಂದುಕೊಂಡು ಹಿಗ್ಗುತ್ತಾರೆ; ಎಲ್ಲ ಮಾರಾಟಗಾರರೂ ಅವರನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ನಿಜದಲ್ಲಿ ಅದು ಉರುಳಚ್ಚಿನ ಕೆಲಸ. ಬ್ಯಾಂಕ್ ನೋಟುಗಳ ಕೆತ್ತನೆಯಲ್ಲಿ ಪಳಗಿದ್ದ ನ್ಯೂಯಾರ್ಕಿನ ಡಬ್ಲ್ಯೂ. ಎಲ್. ಆರ್ಮ್ಸ್‌ಬಿ ಚಿತ್ರವನ್ನು ಗಡಸು ಉಕ್ಕಿನ ಅಚ್ಚಿನಲ್ಲಿ ಕೆತ್ತಿಕೊಟ್ಟ. ಯಂತ್ರ ಆ ಅಚ್ಚನ್ನು ಒತ್ತಿ ಉರುಳಿಸಿ ಸಾವಿರಾರು ಸಿಲಿಂಡರುಗಳ ಮೇಲೆ ಒಂದೇ ಚಿತ್ರವನ್ನು ಮೂಡಿಸಿತು. ಡ್ರಗೂನ್ ಮಾದರಿಯ ಮೇಲಿರುವ ಟೆಕ್ಸಸ್ ರೇಂಜರುಗಳ ಮತ್ತು ಕಮಾಂಚಿಗಳ ಕಾಳಗ, 1849ರ ಪಾಕೆಟ್ ಮಾದರಿಯ ಮೇಲಿರುವ ಕುದುರೆ ಸಾರೋಟಿನ ದರೋಡೆ ಕೂಡ ಇದೇ ಬಗೆಯವು.

ಇವು ಚೆನ್ನಾಗಿಲ್ಲ ಎಂದಲ್ಲ. ಅಚ್ಚಿನ ಚಿತ್ರ ಸ್ಪಷ್ಟವಾಗಿ ಉಳಿದಿರುವ ಸಿಲಿಂಡರು ಆ ರಿವಾಲ್ವರ್ ಹೆಚ್ಚು ಸವೆದಿಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಕೈಕೆತ್ತನೆಯ ನೇವಿಗಳಲ್ಲೂ ಸಾಮಾನ್ಯವಾಗಿ ಸಿಲಿಂಡರಿನ ಮೇಲೆ ಹಡಗುಗಳೇ ಉಳಿದಿರುತ್ತವೆ. ಕೆತ್ತನೆಗಾರನ ಕೆಲಸ ನಳಿಗೆಯ ಬುಡದಲ್ಲಿ, ಫ್ರೇಮಿನ ಮೇಲೆ, ಹಿಡಿಯ ಹಿಂಪಟ್ಟಿಯ ಮೇಲೆ ಇರುತ್ತದೆ. ದುಡ್ಡು ಕೊಡಬೇಕಾದದ್ದು ಆ ಭಾಗಗಳಿಗೆ.

ಹಾರ್ಟ್‌ಫರ್ಡೋ, ನ್ಯೂಯಾರ್ಕೋ

ನಿಜವಾದ ಆಯ್ಕೆ ಶುರುವಾಗುವುದು ಇಲ್ಲಿ. ಹರಾಜಿನ ಪಟ್ಟಿಯಲ್ಲಿ ‘ಕಾರ್ಖಾನೆಯ ಕೆತ್ತನೆ’ ಎಂಬ ಮಾತು ಬಿದ್ದ ಕೂಡಲೇ ಬೆಲೆ ಜಿಗಿಯುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೆತ್ತನೆ ಕಾರ್ಖಾನೆಯ ಗೋಡೆಯೊಳಗೇ ನಡೆಯಬೇಕೆಂಬ ನಿಯಮವೇನೂ ಇರಲಿಲ್ಲ. ಗಡಸು ಮಾಡದ, ಮೆರುಗು ಕೊಡದ ರಿವಾಲ್ವರುಗಳನ್ನು ಕೋಲ್ಟ್ ಕಂಪನಿ ನ್ಯೂಯಾರ್ಕಿನ ದೊಡ್ಡ ವರ್ತಕರಿಗೆ ಹಾಗೆಯೇ ಕಳಿಸುತ್ತಿತ್ತು. ಲೆಡ್ಜರುಗಳಲ್ಲಿ ಇವುಗಳ ಎದುರಿಗೆ ‘ಸಾಫ್ಟ್’ ಎಂಬ ಟಿಪ್ಪಣಿ ಕಾಣುತ್ತದೆ. ಶೂಯ್ಲರ್, ಹಾರ್ಟ್ಲಿ ಅಂಡ್ ಗ್ರಹಾಂನಂಥ ವರ್ತಕರು ಅವನ್ನು ತಮ್ಮ ಕೆತ್ತನೆಗಾರರಿಗೆ ಒಪ್ಪಿಸಿ, ಕೆಲಸ ಮುಗಿದ ಮೇಲೆ ಲೇಪನ ಮಾಡಿಸಿ, ದಂತದ ಹಿಡಿ ಕೂರಿಸಿ ಮಾರುತ್ತಿದ್ದರು.

ಆ ಕೆತ್ತನೆಗಾರರಲ್ಲಿ ಎಲ್ಲರಿಗಿಂತ ಹೆಸರಾದವನು ಲೂಯಿ ಡೇನಿಯಲ್ ನಿಮ್ಷ್ಕೆ (1832–1904). ಜರ್ಮನ್ ಮೂಲದ ಈತ ಕೋಲ್ಟ್, ಸ್ಮಿತ್ ಅಂಡ್ ವೆಸನ್, ವಿಂಚೆಸ್ಟರ್ ಎಂದು ಭೇದ ಮಾಡದೆ ಬಂದದ್ದನ್ನೆಲ್ಲ ಕೆತ್ತಿದ. ಅವನ ಒಂದು ಅಭ್ಯಾಸ ಇಂದಿನ ಸಂಗ್ರಾಹಕರಿಗೆ ವರವಾಗಿದೆ: ಕೆತ್ತಿದ ಮೇಲ್ಮೈಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಪಡಿಯಚ್ಚುಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿಟ್ಟಿದ್ದ. ಆ ಪುಸ್ತಕ ಉಳಿದುಕೊಂಡು ಅಚ್ಚಾಗಿಯೂ ಬಂದಿದೆ. ಇದರಿಂದಾಗಿ, ಸಹಿ ಇಲ್ಲದ ರಿವಾಲ್ವರಿನ ಬಳ್ಳಿಯನ್ನೂ ಅವನ ಪಡಿಯಚ್ಚಿನ ಪಕ್ಕ ಇಟ್ಟು ನೋಡಲು ಸಾಧ್ಯ.

ಇಬ್ಬರ ಕೆಲಸವನ್ನು ಅಕ್ಕಪಕ್ಕ ಇಟ್ಟರೆ ಸ್ವಭಾವದ ಅಂತರ ತಿಳಿಯುತ್ತದೆ. ಯಂಗ್‌ನ ಸುರುಳಿಗಳು ಬಿಗಿಯಾದವು. ಒಂದು ಸುರುಳಿ ಮುಗಿಯುವಲ್ಲೇ ಇನ್ನೊಂದು ಹುಟ್ಟುತ್ತದೆ. ಎಲೆಯ ಒಳಗೆರೆಗಳು ಕೂದಲಿನಷ್ಟು ಸಣ್ಣವು. ಹಿನ್ನೆಲೆಯ ಚುಕ್ಕಿಗಳು ಎಷ್ಟು ಒತ್ತಾಗಿರುತ್ತವೆಂದರೆ ಬರಿಗಣ್ಣಿಗೆ ಅವು ಒಂದು ಮಬ್ಬು ನೆಲದಂತೆ ಮಾತ್ರ ಕಾಣುತ್ತವೆ. ಬಳ್ಳಿಯ ನಡುವೆ ನಾಯಿಯದೋ ತೋಳದ್ದೋ ತಲೆ ಅಡಗಿರುತ್ತದೆ, ಹ್ಯಾಮರಿನ ಪಕ್ಕಗಳಲ್ಲಂತೂ ತೋಳದ ತಲೆ ಬಹುತೇಕ ರೂಢಿಯಾಗಿಬಿಟ್ಟಿತ್ತು. ನಿಮ್ಷ್ಕೆಯ ಕೈ ಧಾರಾಳ. ಸುರುಳಿಗಳು ಅಗಲ, ಹಿನ್ನೆಲೆಯ ಚುಕ್ಕಿಗಳು ದಪ್ಪ, ಗೆರೆಯಲ್ಲಿ ಒಂದು ಅವಸರವಿದೆ. ಗಿರಾಕಿ ಕೊಟ್ಟ ಹಣಕ್ಕೆ ತಕ್ಕಂತೆ ಕೆಲಸವನ್ನು ಹಿಗ್ಗಿಸುವ, ಕುಗ್ಗಿಸುವ ವ್ಯಾಪಾರಿ ಬುದ್ಧಿಯೂ ಅದರಲ್ಲಿದೆ. ಹತ್ತಿರದಿಂದ ನೋಡುವ ಚಟವಿರುವವರಿಗೆ ಯಂಗ್ ಹಿಡಿಸುತ್ತಾನೆ. ಮಾರು ದೂರದಿಂದಲೇ ಕಣ್ಣು ಸೆಳೆಯುವುದು ನಿಮ್ಷ್ಕೆಯ ಕೆಲಸ.

ಹಾಗಾದರೆ ಯಾವುದು? ಮುಂದೆ ಮಾರುವ ಯೋಚನೆ ಇದ್ದರೆ ಕಾರ್ಖಾನೆಯ ಪಟ್ಟ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೆತ್ತನೆಯನ್ನೇ ಪ್ರೀತಿಸುವವರು ನ್ಯೂಯಾರ್ಕಿನ ಕೆಲಸವನ್ನು ಎರಡನೆಯ ದರ್ಜೆ ಎಂದು ತಳ್ಳಿಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಆ ಕಾಲದಲ್ಲೇ, ಹೊಸ ಉಕ್ಕಿನ ಮೇಲೆ, ಲೇಪನಕ್ಕೆ ಮೊದಲು ಆದ ಕೆತ್ತನೆ ಯಾವ ಬೀದಿಯಲ್ಲಿ ಆದರೇನು? ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಹಳೆಯ ಸಾದಾ ರಿವಾಲ್ವರಿಗೆ ಕೆತ್ತಿ ‘ಹಳೆಯ ಕೆತ್ತನೆ’ ಎಂದು ಮಾರುವುದು ಬೇರೆಯೇ ಕಥೆ. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಯಾವ ಕಾಲದ್ದು?

ಮದ್ದು ಮತ್ತು ಗುಂಡನ್ನು ಬೇರೆ ಬೇರೆಯಾಗಿ ತುಂಬುತ್ತಿದ್ದ ಕಾಲದ ಕೋಲ್ಟ್‌ಗಳು, ಅಂದರೆ ಡ್ರಗೂನ್, 1851ರ ನೇವಿ, 1860ರ ಆರ್ಮಿ, ಈ ಕಲೆಯ ಶಿಖರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸುಮಾರು 1853ರ ಒಂದು ಡ್ರಗೂನ್ ಇದೆ. ಮೈತುಂಬ ಬಳ್ಳಿ, ನಡುನಡುವೆ ಚಿನ್ನ ಕೂರಿಸಿದ ಚಿತ್ರಗಳು. ಅದರ ಜೋಡಿಯನ್ನು ಸ್ಯಾಮ್ಯುಯೆಲ್ ಕೋಲ್ಟ್ 1854ರಲ್ಲಿ ರಷ್ಯಾದ ಚಕ್ರವರ್ತಿ ಒಂದನೆಯ ನಿಕೊಲಸ್‌ಗೆ ಕಾಣಿಕೆ ಕೊಟ್ಟ, ಅದೀಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿದೆ. ಬೀದರಿನ ಬಿದ್ರಿ ಕೆಲಸ ನೋಡಿದವರಿಗೆ ಇದರ ತಂತ್ರ ಕೂಡಲೇ ಹೊಳೆಯುತ್ತದೆ: ಲೋಹದಲ್ಲಿ ತೋಡು ತೆಗೆದು, ಅದರೊಳಗೆ ಮೆದುವಾದ ಇನ್ನೊಂದು ಲೋಹವನ್ನು ಬಡಿದು ಕೂರಿಸುವುದು. ಬಿದ್ರಿಯಲ್ಲಿ ತಳ ಸತುವಿನ ಮಿಶ್ರಲೋಹ, ಮೇಲೆ ಬೆಳ್ಳಿ. ಇಲ್ಲಿ ತಳ ಉಕ್ಕು. ತೋಡಿನ ಅಂಚನ್ನು ಒಳಗಿನಿಂದ ಕೊರೆದು ಕೊಕ್ಕೆಯಂತೆ ಮಾಡದಿದ್ದರೆ ಚಿನ್ನ ನಿಲ್ಲುವುದಿಲ್ಲ. ಇಂಥವು ಜನಸಾಮಾನ್ಯರ ಕೈಗೆ ಎಟಕುವ ವಸ್ತುಗಳಲ್ಲ. ಚಿನ್ನವಿಲ್ಲದ, ಬರೀ ಬಳ್ಳಿಯ ನೇವಿಗಳು ಹರಾಜಿಗೆ ಬರುತ್ತವೆ, ಆದರೆ ಅವುಗಳ ದೊಡ್ಡ ಕೊರತೆ ದಾಖಲೆ. ಆ ಕಾಲದ ಕೋಲ್ಟ್ ಲೆಡ್ಜರುಗಳಲ್ಲಿ ಅಲ್ಪ ಭಾಗ ಮಾತ್ರ ಉಳಿದಿದೆ. ಕಾರ್ಖಾನೆಗೆ 1864ರಲ್ಲಿ ದೊಡ್ಡ ಬೆಂಕಿಯೂ ಬಿದ್ದಿತ್ತು. ಹಾಗಾಗಿ ಇಲ್ಲಿ ಕಣ್ಣನ್ನೇ ನಂಬಬೇಕು.

1873ರಿಂದ ಬಂದ ಕೋಲ್ಟ್‌ನ ಸಿಂಗಲ್ ಆಕ್ಷನ್ ಆರ್ಮಿ ಮಾದರಿಯ ಮಾತು ಬೇರೆ. ಕ್ಯೂನೊ ಹೆಲ್ಫ್ರಿಕ್ಟ್ 1871ರಿಂದ 1921ರವರೆಗೆ, ಅರ್ಧ ಶತಮಾನ, ಕೋಲ್ಟ್‌ನ ಮುಖ್ಯ ಕೆತ್ತನೆಗಾರನಾಗಿದ್ದ. ದಾಖಲೆಗಳು ಬಹುಮಟ್ಟಿಗೆ ಉಳಿದಿವೆ, ಶೈಲಿ ಗುರುತಿಸಲು ಸುಲಭ, ಕೊಳ್ಳುವವರು ಎಂದೂ ಕಡಿಮೆಯಾಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಅಮೆರಿಕದ ಜನರಲ್ ಪ್ಯಾಟನ್ 1916ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಕೊಂಡ, ದಂತದ ಹಿಡಿಯ, ಬೆಳ್ಳಿ ಲೇಪನದ ಪ್ರಸಿದ್ಧ ರಿವಾಲ್ವರ್ ಈ ಹೆಲ್ಫ್ರಿಕ್ಟ್ ಕಾಲದ್ದೇ. ಆದರೆ ಬೇಡಿಕೆ ಇರುವ ಕಡೆಗೇ ನಕಲಿಯೂ ಓಡುತ್ತದೆ. ಸಾದಾ ಸಿಂಗಲ್ ಆಕ್ಷನ್‌ಗಳು ಲೆಕ್ಕವಿಲ್ಲದಷ್ಟಿವೆ, ಕೆತ್ತಲು ಬಲ್ಲ ಕೈಗಳೂ ಇವೆ. ಇನ್ನೊಂದು ಮಾತನ್ನು ಹೇಳಿದರೆ ಕೋಲ್ಟ್ ಅಭಿಮಾನಿಗಳು ಮುನಿಸಿಕೊಳ್ಳಬಹುದು: ಐವತ್ತು ವರ್ಷ ಒಂದೇ ಕಾರ್ಯಾಗಾರದಿಂದ ಬಂದ ಕೆಲಸದಲ್ಲಿ ಕಡೆಕಡೆಗೆ ಯಾಂತ್ರಿಕತೆ ಕಾಣುತ್ತದೆ. ಅದೇ ಸುರುಳಿ, ಅದೇ ಜಾಗ.

ನನ್ನ ಒಲವು ಸ್ಮಿತ್ ಅಂಡ್ ವೆಸನ್ ಕಡೆಗೆ, ಅದರಲ್ಲೂ ಚಿಕ್ಕವುಗಳ ಕಡೆಗೆ. 1857ರಲ್ಲಿ ಬಂದ .22 ಕ್ಯಾಲಿಬರಿನ (ಇಂಚಿನ ಲೆಕ್ಕದಲ್ಲಿ ನಳಿಗೆಯ ತೂತಿನ ಅಳತೆ) ಮಾಡೆಲ್ ನಂಬರ್ 1, ಅದರ ಅಣ್ಣನಾದ .32ರ ನಂಬರ್ 2, 1876ರ ನಂತರದ .38ರ ಮಡಚುವ ಮಾದರಿಗಳು. ಇವು ಜೇಬಿನ ಆಯುಧಗಳು. ಎಷ್ಟೋ ಬಾರಿ ಉಡುಗೊರೆಯಾಗಿ ಬಂದು ಪೆಟ್ಟಿಗೆಯಲ್ಲೇ ಉಳಿದದ್ದರಿಂದ ಕುದುರೆಯ ಜೀನಿಗೆ ಉಜ್ಜಿ ಸವೆದ ದೊಡ್ಡ ರಿವಾಲ್ವರುಗಳಿಗಿಂತ ಇವುಗಳ ಮೇಲ್ಮೈ ಚೆನ್ನಾಗಿರುತ್ತದೆ. ಜಾಗ ಕಿರಿದಾದ್ದರಿಂದ ಕೆತ್ತನೆಗಾರ ಯೋಚಿಸಿ ಬಳ್ಳಿ ಹಬ್ಬಿಸಬೇಕಾಗುತ್ತಿತ್ತು. ದೊಡ್ಡ ಕ್ಯಾಲಿಬರಿನ ಹಿಂದೆ ಹೋಗುವ ಸಂಗ್ರಾಹಕರು ಇವನ್ನು ಕಡೆಗಣಿಸುವುದರಿಂದ ಬೆಲೆಯೂ ತಗ್ಗಿದೆ. ಸವೆದು ನುಣುಪಾದ ಕೆತ್ತನೆಯ ಕೋಲ್ಟ್‌ಗೆ ಕೊಡುವ ಹಣದಲ್ಲಿ ಗೆರೆಗಳು ಗರಿಗರಿಯಾಗಿ ಉಳಿದಿರುವ ಚಿಕ್ಕ ಸ್ಮಿತ್ ಅಂಡ್ ವೆಸನ್ ಸಿಗುವುದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಅದೇ ಕಂಪನಿಯ ದೊಡ್ಡ ನ್ಯೂ ಮಾಡೆಲ್ ನಂಬರ್ 3 (1878) ಅಗಲವಾದ ಕ್ಯಾನ್ವಾಸ್, ಬೆಲೆಯೂ ಹಾಗೆಯೇ. ಥಿಯೊಡೋರ್ ರೂಸ್‌ವೆಲ್ಟ್‌ಗಾಗಿ 1898ರ ಮೇನಲ್ಲಿ ಕಾರ್ಖಾನೆಯಿಂದ ಹೊರಟ ಕೆತ್ತನೆಯ ನಂಬರ್ 3 ಒಂದು 2022ರ ಡಿಸೆಂಬರಿನಲ್ಲಿ 9 ಲಕ್ಷ ಡಾಲರುಗಳಿಗೂ ಹೆಚ್ಚಿಗೆ ಹರಾಜಾಯಿತು. ಅಲ್ಲಿ ಬೆಲೆ ಬಂದದ್ದು ಹೆಸರಿಗೆ. ಅಂಥ ಅಂಕಿಯನ್ನು ಕೆತ್ತನೆಯ ದರವೆಂದು ಓದಬಾರದು.

ಇಪ್ಪತ್ತನೆಯ ಶತಮಾನದ ಕೆಲಸವನ್ನು ಬಯಸುವವರು ರುಡಾಲ್ಫ್ ಕೋರ್ನ್‌ಬ್ರಾತ್ ಹೆಸರನ್ನು ನೆನಪಿಡಬೇಕು. ಆಸ್ಟ್ರಿಯಾದ ಫೆರ್ಲಾಕ್‌ನಿಂದ ಬಂದು ಹಾರ್ಟ್‌ಫರ್ಡ್‌ನಲ್ಲಿ ನೆಲೆಸಿದ ಈತ ಉಕ್ಕನ್ನು ಆಳವಾಗಿ ತೋಡಿ ಪ್ರಾಣಿಗಳನ್ನು, ಓಕ್ ಎಲೆಗಳನ್ನು ಉಬ್ಬುಶಿಲ್ಪದ ಹಾಗೆ ಎತ್ತಿ ನಿಲ್ಲಿಸುತ್ತಿದ್ದ. ಸ್ಮಿತ್ ಅಂಡ್ ವೆಸನ್‌ನಲ್ಲಿ ಅದೇ ಕಾಲಕ್ಕೆ ಹ್ಯಾರಿ ಜಾರ್ವಿಸ್ ಇದ್ದ. ಈಚಿನ ಕಾಲದ ಕೆತ್ತನೆಗೆ ಕಂಪನಿಗಳು ಅಕ್ಷರದ ದರ್ಜೆಗಳನ್ನು ಕೊಟ್ಟಿವೆ, ಆದರೆ ಎರಡೂ ಕಡೆ ಲೆಕ್ಕ ತಿರುವುಮುರುವು. ಕೋಲ್ಟ್‌ನಲ್ಲಿ ‘ಎ’ ಎಂದರೆ ಕಾಲುಭಾಗ ಮಾತ್ರ ಕೆತ್ತನೆ, ‘ಡಿ’ ಎಂದರೆ ಮೈಪೂರ್ತಿ. ಸ್ಮಿತ್ ಅಂಡ್ ವೆಸನ್‌ನಲ್ಲಿ ‘ಎ’ ಮೈಪೂರ್ತಿ, ‘ಸಿ’ ಮೂರನೆಯ ಒಂದು ಭಾಗ. ‘ಎ ದರ್ಜೆ’ ಎಂದು ಕೇಳಿದ ಕೂಡಲೇ ತಲೆಯಾಡಿಸುವ ಮೊದಲು ಯಾವ ಕಂಪನಿಯ ‘ಎ’ ಎಂದು ವಿಚಾರಿಸಿ.

ಗೆರೆಯನ್ನು ಓದುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಓರೆಯಾಗಿ ಬೀಳುವ ಒಂದು ದೀಪ, ಸಲಕರಣೆ ಇಷ್ಟೇ. ಮುಖ್ಯ ಪ್ರಶ್ನೆಯೂ ಒಂದೇ: ಮೊದಲು ಆದದ್ದು ಕೆತ್ತನೆಯೋ ಲೇಪನವೋ?

ಕಾರ್ಖಾನೆಯಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಕೆತ್ತನೆ ನಡೆಯುತ್ತಿದ್ದದ್ದು ಬಿಳಿ ಉಕ್ಕಿನ ಮೇಲೆ, ಅಂದರೆ ಗಡಸು ಮಾಡುವ, ಬಣ್ಣ ಬರಿಸುವ, ನಿಕಲ್ ಹಚ್ಚುವ ಮುಂಚೆ. ಆದ್ದರಿಂದ ಆ ಕಾಲದ ಕೆಲಸದಲ್ಲಿ ನಿಕಲ್ ಗೆರೆಯ ತಳಕ್ಕೂ ಇಳಿದಿರುತ್ತದೆ. ಹಳೆಯ ನಿಕಲ್‌ನ ಮೇಲೆ ಹೊಸದಾಗಿ ಉಳಿ ಓಡಿಸಿದ್ದರೆ ಗೆರೆಯ ಇಕ್ಕೆಲಗಳಲ್ಲಿ ಲೇಪನ ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆಯೆದ್ದಿರುತ್ತದೆ, ತಳದಲ್ಲಿ ಬರೀ ಉಕ್ಕು ಕಾಣುತ್ತದೆ. ಕೋಲ್ಟ್ ಫ್ರೇಮಿನ ನೀಲಿ, ಕಂದು, ಬೂದು ಮಿಶ್ರಿತ ಬಣ್ಣ ಬರುವುದು ಉಕ್ಕನ್ನು ಮೂಳೆ ಮತ್ತು ಇದ್ದಿಲಿನ ಜೊತೆ ಕಾಯಿಸಿ ನೀರಿಗೆ ಅದ್ದಿದಾಗ. ಆಗ ಮೇಲ್ಪದರ ಗಾಜಿನಂತೆ ಗಡಸಾಗುತ್ತದೆ, ಉಳಿ ಜಾರುತ್ತದೆ. ಆಮೇಲೆ ಕೆತ್ತಬೇಕಾದರೆ ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು, ಅಲ್ಲಿಗೆ ಮೂಲ ಬಣ್ಣ ಹೋಯಿತು. ಸುತ್ತಲಿನ ಭಾಗಗಳೆಲ್ಲ ಮಾಸಿದ್ದು ಫ್ರೇಮು ಮಾತ್ರ ನವಿಲುಗರಿಯ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅನುಮಾನಿಸಿ.

ಸವೆತವನ್ನೂ ಹೋಲಿಸಿ. ಹಿಡಿಯ ಹಿಂಪಟ್ಟಿ, ಟ್ರಿಗರ್ ಗಾರ್ಡಿನ ತಳ, ನಳಿಗೆಯ ತುದಿ ಮೊದಲು ಸವೆಯುವ ಜಾಗಗಳು. ಅಲ್ಲಿ ಉಕ್ಕು ನುಣ್ಣಗಾಗಿದ್ದು ಕೆತ್ತನೆಯ ಅಂಚು ಮಾತ್ರ ಚೂಪಾಗಿದ್ದರೆ ಎರಡರ ವಯಸ್ಸೂ ಒಂದಲ್ಲ. ತುಕ್ಕು ತಿಂದ ಗುಳಿಯೊಂದನ್ನು ಗೆರೆ ಹಾದುಹೋಗಿದೆಯೇ, ಗೆರೆಯ ಮೇಲೆ ಗುಳಿ ಬಿದ್ದಿದೆಯೇ ಎಂಬುದು ಇನ್ನೊಂದು ಸುಳಿವು. ಪೇಟೆಂಟ್ ತಾರೀಖು, ಸರಣಿ ಸಂಖ್ಯೆಗಳ ಬಳಿ ಬಳ್ಳಿ ಹೇಗೆ ನಡೆದುಕೊಂಡಿದೆ ಎಂದು ನೋಡಿ. ಹಳೆಯ ಕೆತ್ತನೆಗಾರರು ಆ ಅಕ್ಷರಗಳಿಗೆ ಜಾಗ ಬಿಟ್ಟು ಬಳ್ಳಿ ಹಬ್ಬಿಸುತ್ತಿದ್ದರು.

ಇವೆಲ್ಲ ನಕಲಿ ಹಿಡಿಯುವ ಮಾತಾಯಿತು. ಒಳ್ಳೆಯದು ಹೇಗಿರುತ್ತದೆ? ಸುರುಳಿಯ ಬೆನ್ನೆಲುಬಿನ ಗೆರೆಯನ್ನು ಬುಡದಿಂದ ತುದಿಯವರೆಗೆ ಕಣ್ಣಿನಿಂದ ಹಿಂಬಾಲಿಸಿ. ಚಾಣವನ್ನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಸಾಗಿದ ಗೆರೆಯದು. ಅಂದರೆ ನೂರಾರು ಚಿಕ್ಕ ಪೆಟ್ಟುಗಳ ಸರಣಿ. ನುರಿತವನ ಕೈಯಲ್ಲಿ ಆ ಪೆಟ್ಟುಗಳ ಕೀಲು ಕಾಣುವುದೇ ಇಲ್ಲ, ಬಾಗು ಒಂದೇ ಉಸಿರಿನಲ್ಲಿ ಎಳೆದಂತಿರುತ್ತದೆ. ಅರೆಬರೆ ಕೈಯಾದರೆ ಬಾಗಿನಲ್ಲಿ ಮೂಲೆಗಳು ಕಾಣುತ್ತವೆ. ಆಮೇಲೆ ಗೆರೆಯ ದಪ್ಪ: ಬಾಗಿನ ಹೊರಮಗ್ಗುಲಲ್ಲಿ ಉಬ್ಬಿ ತುದಿಯಲ್ಲಿ ಸಣ್ಣಗಾಗುವುದು ಉಳಿಯನ್ನು ಓರೆಯಾಗಿಸಿ ಮಾಡುವ ಕೆಲಸ, ಅಭ್ಯಾಸವಿಲ್ಲದೆ ಬರುವುದಿಲ್ಲ. ಕೊನೆಗೆ ಹಿನ್ನೆಲೆಯ ಚುಕ್ಕಿಗಳನ್ನು ನೋಡಿ. ಬೇಸರದ ಕೆಲಸ ಅದು, ಯಾರೂ ಗಮನಿಸದ ಜಾಗ. ಫ್ರೇಮಿನ ಮೂಲೆಯಲ್ಲೂ ಚುಕ್ಕಿಗಳು ನಡುವಿನಷ್ಟೇ ಒತ್ತಾಗಿದ್ದರೆ ಆ ಕೆತ್ತನೆಗಾರನಿಗೆ ನಾನು ಕೈಮುಗಿಯುತ್ತೇನೆ.

ಪತ್ರವೋ, ಮೇಲ್ಮೈಯೋ?

ಕೋಲ್ಟ್‌ನ ದಾಖಲೆ ವಿಭಾಗವೂ, ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್ನೂ ಶುಲ್ಕ ಪಡೆದು, ಸರಣಿ ಸಂಖ್ಯೆಯ ಆಧಾರದ ಮೇಲೆ ಲೆಡ್ಜರಿನಲ್ಲಿರುವುದನ್ನು ಪತ್ರದಲ್ಲಿ ಬರೆದು ಕೊಡುತ್ತವೆ: ಯಾವಾಗ, ಯಾರಿಗೆ ಹೋಯಿತು, ಯಾವ ಲೇಪನ, ಯಾವ ಹಿಡಿ, ಕೆತ್ತನೆ ಇತ್ತೇ. ದೊಡ್ಡ ಮೊತ್ತದ ಖರೀದಿಗೆ ಇದು ಬೇಕೇ ಬೇಕು. ಆದರೆ ಪತ್ರ ಮಾತನಾಡುವುದು ಒಂದು ಸಂಖ್ಯೆಯ ಬಗ್ಗೆ. ನಿಮ್ಮ ಕೈಯಲ್ಲಿರುವ ಉಕ್ಕು ಅದೇ ಎಂದು ಅದು ಸಾಕ್ಷಿ ಹೇಳಲಾರದು. ನಿಕಲ್ ಎಂದು ಪತ್ರದಲ್ಲಿದ್ದು ರಿವಾಲ್ವರ್ ನೀಲಿಯಾಗಿದ್ದರೆ ನಡುವೆ ಏನೋ ನಡೆದಿದೆ. ಕೆತ್ತನೆ ಇತ್ತೆಂದು ಪತ್ರ ಹೇಳಿದರೂ ಯಾರೋ ಉಜ್ಜಿ ಮೆರುಗು ಕೊಟ್ಟು ಗೆರೆಗಳನ್ನೆಲ್ಲ ತೆಳುವಾಗಿಸಿರಬಹುದು. ಒಳ್ಳೆಯ ಪತ್ರದ ಉಜ್ಜಿದ ರಿವಾಲ್ವರಿಗಿಂತ, ಪತ್ರ ಮೌನವಾಗಿದ್ದರೂ ಮುಟ್ಟದ ಮೇಲ್ಮೈಯ ರಿವಾಲ್ವರ್ ನನಗೆ ಹೆಚ್ಚು. ಹೂಡಿಕೆದಾರರು ಇದನ್ನು ಒಪ್ಪಲಿಕ್ಕಿಲ್ಲ.

ಹಿಡಿಯ ಆಯ್ಕೆಯನ್ನು ಈಗ ಕಾನೂನೇ ಬಹುಪಾಲು ನಿರ್ಧರಿಸುತ್ತದೆ. ಅಮೆರಿಕದಲ್ಲಿ 2016ರಿಂದ ಆಫ್ರಿಕದ ಆನೆಯ ದಂತವನ್ನು ರಾಜ್ಯದಿಂದ ರಾಜ್ಯಕ್ಕೆ ಮಾರುವುದಕ್ಕೆ ಬಿಗಿಯಾದ ನಿರ್ಬಂಧವಿದೆ. ನೂರು ವರ್ಷ ದಾಟಿದ ವಸ್ತುಗಳಿಗೆ ವಿನಾಯಿತಿ ಉಂಟು, ಆದರೆ ರುಜುವಾತು ನಿಮ್ಮ ಹೊಣೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕಾನೂನು ಇನ್ನೂ ಕಟ್ಟುನಿಟ್ಟು. ಗಡಿ ದಾಟಿಸುವುದಂತೂ ತಲೆನೋವು. ಮುತ್ತಿನ ಚಿಪ್ಪಿನ ಹಿಡಿ ಈ ತಾಪತ್ರಯಗಳಿಂದ ದೂರ, ಚಿಕ್ಕ ನಿಕಲ್ ರಿವಾಲ್ವರುಗಳಿಗೆ ಒಪ್ಪುವುದೂ ಅದೇ. ಆಯುಧದ ವಿಚಾರದಲ್ಲಿ, 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದವನ್ನು ಅಮೆರಿಕದ ಕೇಂದ್ರ ಕಾನೂನು ‘ಆಂಟಿಕ್’ ಎಂದು ಬೇರೆಯಾಗಿ ನೋಡುತ್ತದೆ. ಆದರೂ ನೀವಿರುವ ರಾಜ್ಯದ ನಿಯಮವನ್ನು ಮೊದಲು ಓದಿ.

ಭಾರತದಲ್ಲಿರುವವರಿಗೆ

ಇಲ್ಲಿ ಹಾದಿ ಕಿರಿದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರಿವಾಲ್ವರಿಗೆ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕುಗಳ ಮಿತಿ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ, ಪುರಾತನ ಮೌಲ್ಯದ ಆಯುಧಗಳಿಗೆ ಅದೇ ಕಾಯ್ದೆಯ 45ನೆಯ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಮನೆಯ ಅಟ್ಟದಲ್ಲಿ ಅಜ್ಜನ ಕಾಲದ್ದು ಸಿಕ್ಕಿದರೆ ಅದು ಈ ವಿನಾಯಿತಿಗೆ ಬರುತ್ತದೆಂದು ನೀವೇ ತೀರ್ಮಾನಿಸದೆ ಪರವಾನಗಿ ಕೊಡುವ ಅಧಿಕಾರಿಗಳನ್ನು ಕೇಳಿ. ದಂತದ ವ್ಯಾಪಾರಕ್ಕೆ ವನ್ಯಜೀವಿ ಕಾಯ್ದೆ ಅವಕಾಶವನ್ನೇ ಕೊಡುವುದಿಲ್ಲ.

ಕೊಳ್ಳಲಾಗದವರಿಗೆ ನೋಡುವ ಹಾದಿ ತೆರೆದಿದೆ. ಅಮೆರಿಕದಲ್ಲಿರುವ ನೆಂಟರ ಮನೆಗೆ ಹೋದಾಗ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಂಗೆ ಒಂದು ದಿನ ಮೀಸಲಿಡಿ; ಸ್ಯಾಮ್ಯುಯೆಲ್ ಕೋಲ್ಟ್‌ನ ಸ್ವಂತ ಸಂಗ್ರಹ ಅವನ ಪತ್ನಿ ಎಲಿಜಬೆತ್‌ಳ ಉಯಿಲಿನ ಮೂಲಕ ಸೇರಿದ್ದು ಅಲ್ಲಿಗೆ. ಪಶ್ಚಿಮ ಕರಾವಳಿಯಲ್ಲಿದ್ದರೆ ಲಾಸ್ ಏಂಜಲೀಸ್‌ನ ಆಟ್ರಿ ಮ್ಯೂಸಿಯಂ. ಎಲ್ಲಿಗೂ ಹೋಗಲಾಗದಿದ್ದರೆ ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣದಲ್ಲಿ ಆ ಡ್ರಗೂನ್‌ನ ಚಿತ್ರ ಉಚಿತವಾಗಿಯೇ ಸಿಗುತ್ತದೆ. ಅದನ್ನು ಪರದೆಯ ತುಂಬ ಹಿಗ್ಗಿಸಿ, ಚಿನ್ನವನ್ನು ಬಿಟ್ಟು ಮೊದಲು ಸುರುಳಿಗಳ ನಡುವಿನ ನೆಲವನ್ನು ನೋಡಿ.